ಅಳಿಸಿದ ಮೇಲೆ ಎರಡು ಮಾತು: ವಿಕಿಪೀಡಿಯ ಸಂಪಾದಕರಿಗೆ ತಪ್ಪು ಹೇಳುವ ಬಗೆ

ಒಬ್ಬರು ಮರಕುಟಿಕದ ಗೂಡುಗಳನ್ನು ಮೂರು ವರ್ಷದಿಂದ ನೋಡುತ್ತಾ ಬಂದಿದ್ದಾರೆ ಎಂದುಕೊಳ್ಳಿ. ಗಂಡು ಯಾವಾಗ ಗೂಡಿಗೆ ಬರುತ್ತದೆ, ಹೆಣ್ಣು ಯಾವಾಗ ಹೊರಗೆ ಹೋಗುತ್ತದೆ, ಎಲ್ಲ ಗೊತ್ತು. ಒಂದು ಸಂಜೆ ವಿಕಿಪೀಡಿಯದಲ್ಲಿ ಮರಕುಟಿಕದ ಪುಟ ತೆರೆಯುತ್ತಾರೆ. ಗೂಡಿನ ಬಗ್ಗೆ ಇರೋದು ಒಂದೇ ಸಾಲು. ‘ಸಂಪಾದಿಸಿ’ ಎಂಬ ಗುಂಡಿ ಒತ್ತಿ, ಎರಡು ಗಂಟೆ ಕೂತು ಆರು ವಾಕ್ಯ ಬರೆಯುತ್ತಾರೆ. ರಾತ್ರಿ ಹೊತ್ತು ಮೊಟ್ಟೆಗೆ ಕಾವು ಕೊಡುವುದು ಗಂಡು ಹಕ್ಕಿ ಎಂಬುದು ಅದರಲ್ಲೊಂದು. ಬರೆದು ಉಳಿಸಿದಾಗ ಖುಷಿಯಾಗುತ್ತದೆ. ಐದು ನಿಮಿಷ ಬಿಟ್ಟು ನೋಡಿದರೆ ಆರೂ ವಾಕ್ಯ ಮಾಯ. ಪುಟದ ಇತಿಹಾಸದಲ್ಲಿ ಒಂದೇ ಪದ: ‘ಉಲ್ಲೇಖವಿಲ್ಲ’. ಅವರಿಗೆ ಸಂದೇಶ ಬರೆಯಲೆಂದು ಇರುವ ಚರ್ಚೆ ಪುಟದಲ್ಲಿ ಮೊದಲೇ ತಯಾರಾಗಿದ್ದ ಒಂದು ಎಚ್ಚರಿಕೆ ಬಂದು ಕೂತಿದೆ.

ನಿಯಮ ನೋಡಿದರೆ ಅಳಿಸಿದವರದ್ದು ತಪ್ಪಿಲ್ಲ. ಸ್ವಂತವಾಗಿ ನೋಡಿದ್ದನ್ನು ವಿಶ್ವಕೋಶದಲ್ಲಿ ಬರೆಯುವ ಹಾಗಿಲ್ಲ, ಬೇರೆ ಕಡೆ ಪ್ರಕಟವಾದದ್ದನ್ನು ಆಧಾರವಾಗಿ ಕೊಡಬೇಕು. ಆದರೆ ಬಹುತೇಕ ಜಾತಿಯ ಮರಕುಟಿಕಗಳಲ್ಲಿ ರಾತ್ರಿ ಕಾವಿಗೆ ಕೂರುವುದು ನಿಜವಾಗಿಯೂ ಗಂಡೇ. ಹಕ್ಕಿಗಳ ಮೇಲಿನ ಒಳ್ಳೆಯ ಪುಸ್ತಕಗಳಲ್ಲಿ ಸಿಗುವ ವಿಷಯ ಅದು. ಸ್ವಲ್ಪ ಹುಡುಕಿದ್ದರೆ ಉಲ್ಲೇಖ ಸಿಗುತ್ತಿತ್ತು. ಹಾಗೆ ಹುಡುಕಬೇಕು ಅನ್ನೋದು ಬರೆದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಈ ವ್ಯಕ್ತಿ ಮತ್ತೆ ಬರುತ್ತಾರಾ? ನನ್ನ ಮಟ್ಟಿಗೆ ಇವತ್ತು ವಿಕಿಪೀಡಿಯದ ಮುಂದಿರುವ ದೊಡ್ಡ ಪ್ರಶ್ನೆ ಇದೇ. ದುಡ್ಡು, ಸರ್ವರ್, ತಂತ್ರಜ್ಞಾನ ಎಲ್ಲ ಇದರ ನಂತರ ಬರುತ್ತವೆ.

ಸಂಬಳ ಇಲ್ಲದ ಕಡೆ ಮಾತಿನ ತೂಕ

ಕಚೇರಿಯಲ್ಲಿ ಮೇಲಿನವರು ಒರಟಾಗಿ ಮಾತಾಡಿದರೂ ಮರುದಿನ ಕೆಲಸಕ್ಕೆ ಹೋಗುತ್ತೇವೆ. ತಿಂಗಳ ಕೊನೆಗೆ ಸಂಬಳ ಇದೆ, ಬಿಟ್ಟರೆ ಬೇರೆ ಕೆಲಸ ಹುಡುಕಬೇಕು. ವಿಕಿಪೀಡಿಯದಲ್ಲಿ ಹಿಡಿದಿಡುವ ಇಂಥ ಯಾವ ಹಗ್ಗವೂ ಇಲ್ಲ. 2001ರ ಜನವರಿ 15ರಂದು ಶುರುವಾದ ಈ ವಿಶ್ವಕೋಶ ಈಗ 300ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಇಂಗ್ಲಿಷ್ ಆವೃತ್ತಿಯೊಂದರಲ್ಲೇ 70 ಲಕ್ಷಕ್ಕಿಂತ ಜಾಸ್ತಿ ಲೇಖನಗಳಿವೆ. ಇಷ್ಟನ್ನೂ ಬರೆದವರು ಬಿಡುವಿನ ಹೊತ್ತಿನಲ್ಲಿ, ಇಷ್ಟಪಟ್ಟು ಬಂದವರು. ಬೇಜಾರಾದರೆ ಟ್ಯಾಬ್ ಮುಚ್ಚುತ್ತಾರೆ, ಅಷ್ಟೆ. ರಾಜೀನಾಮೆ ಪತ್ರ ಇಲ್ಲ, ಕಾರಣ ಕೇಳುವವರೂ ಇಲ್ಲ. ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ಬೇರೆ ಕೆಲಸಗಳಲ್ಲಿ ತಪ್ಪನ್ನು ಮೊದಲು ಹೇಳುತ್ತಾರೆ, ಆಮೇಲೆ ತಿದ್ದುತ್ತಾರೆ. ಇಲ್ಲಿ ತಿದ್ದುವುದೇ ಮೊದಲು. ಯಾರ ಬರಹವನ್ನು ಯಾರು ಬೇಕಾದರೂ ಒಂದು ಕ್ಲಿಕ್‌ನಲ್ಲಿ ಹಿಂದಿನ ಸ್ಥಿತಿಗೆ ತರಬಹುದು. ಸಂಪಾದಕರು ಇದನ್ನು ‘ರಿವರ್ಟ್’ ಅನ್ನುತ್ತಾರೆ. ಅಂದರೆ ಹೊಸಬರಿಗೆ ಸಿಗುವ ಮೊದಲ ಫೀಡ್‌ಬ್ಯಾಕ್ ಮಾತಿನ ರೂಪದಲ್ಲಿ ಇರುವುದೇ ಇಲ್ಲ. ಬರೆದದ್ದು ಕಾಣೆಯಾಗುವುದೇ ಅವರಿಗೆ ಸಿಕ್ಕ ಉತ್ತರ. ಬರೆಯಲು ಎರಡು ಗಂಟೆ, ಅಳಿಸಲು ಎರಡು ಸೆಕೆಂಡು. ಈ ಅಂತರವನ್ನು ತುಂಬಲು ಇರೋದು ಅಳಿಸಿದವರು ಬರೆಯುವ ಎರಡು ಸಾಲು ಮಾತ್ರ. ಆ ಎರಡು ಸಾಲು ಬರೆಯುವುದೂ ಸಂಪಾದನೆಯ ಕೆಲಸವೇ ಎಂದು ನಾನು ನಂಬಿದ್ದೇನೆ. ಅದನ್ನು ಬಿಟ್ಟರೆ ಕೆಲಸ ಅರ್ಧಕ್ಕೇ ನಿಂತ ಹಾಗೆ.

2007ರ ನಂತರ ಏನಾಯಿತು

ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿತ್ತು. ಆಗ ಸುಮಾರು 51,000 ಜನ ಇದ್ದರು. 2013ರ ಹೊತ್ತಿಗೆ ಸುಮಾರು 31,000ಕ್ಕೆ ಇಳಿಯಿತು. ಓದುವವರು ಹೆಚ್ಚುತ್ತಿದ್ದ ಕಾಲದಲ್ಲೇ ಬರೆಯುವವರು ಕಡಿಮೆಯಾದರು.

ಯಾಕೆ ಅನ್ನೋದನ್ನು ಆರನ್ ಹಾಫೇಕರ್ ಮತ್ತು ಜೊತೆಗಾರ ಸಂಶೋಧಕರು ಕೆದಕಿ ನೋಡಿದರು. ಅವರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೊಸದಾಗಿ ಬರುವವರ ಗುಣಮಟ್ಟ ಕೆಟ್ಟಿದೆಯಾ ಎಂದು ಮೊದಲು ಪರೀಕ್ಷಿಸಿದರು. ಹಾಗೇನೂ ಆಗಿರಲಿಲ್ಲ. ಒಳ್ಳೆಯ ಉದ್ದೇಶದಿಂದ ಬರುವವರ ಪಾಲು ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಬದಲಾದದ್ದು ಅವರಿಗೆ ಸಿಗುತ್ತಿದ್ದ ಸ್ವಾಗತ. ಅವರ ಮೊದಮೊದಲ ಬರಹಗಳು ಅಳಿಸಿಹೋಗುವುದು ಜಾಸ್ತಿಯಾಗಿತ್ತು. ಅಳಿಸುವವರು ಬಳಸುತ್ತಿದ್ದ ಅರೆ-ಸ್ವಯಂಚಾಲಿತ ಸಾಧನಗಳು ಜಾಸ್ತಿಯಾಗಿದ್ದವು. ಹಾಗೆ ಪೆಟ್ಟು ತಿಂದವರು ಉಳಿಯುವ ಸಾಧ್ಯತೆ ಕಡಿಮೆಯಾಗಿತ್ತು.

ಇಲ್ಲಿ ಕಾವಲು ಕಾಯುವವರನ್ನು ಬೈಯುವುದು ಸುಲಭ. ನಾನು ಬೈಯಲಾರೆ. 2005ರಲ್ಲಿ ಜಾನ್ ಸೀಗೆಂಥಾಲರ್ ಎಂಬ ಅಮೆರಿಕದ ಹಿರಿಯ ಪತ್ರಕರ್ತರ ಬಗ್ಗೆ ಯಾರೋ ಒಬ್ಬರು ಸುಳ್ಳು ಸೇರಿಸಿದ್ದರು. ಕೆನಡಿ ಸಹೋದರರ ಕೊಲೆಯಲ್ಲಿ ಅವರ ಮೇಲೆ ಅನುಮಾನ ಇತ್ತು ಅಂತ! ಅದು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. ಒಬ್ಬ ಮನುಷ್ಯನ ಮಾನದ ಪ್ರಶ್ನೆ ಅದು. ಇಂಥದ್ದು ಮತ್ತೆ ಆಗಬಾರದು ಎಂದು ನೂರಾರು ಸ್ವಯಂಸೇವಕರು ಹೊಸ ಬದಲಾವಣೆಗಳನ್ನು ಹಗಲು ರಾತ್ರಿ ನೋಡತೊಡಗಿದರು. ಟ್ವಿಂಕಲ್, ಹಗಲ್ ಎಂಬ ಸಾಧನಗಳು ಬಂದವು. ಹಾಳುಗೆಡಹುವ ಬದಲಾವಣೆಗಳನ್ನು ತಾನೇ ಗುರುತಿಸಿ ತೆಗೆಯುವ ಕ್ಲೂಬಾಟ್ ಬಂತು. ಈ ಜನ ಇಲ್ಲದಿದ್ದರೆ ವಿಕಿಪೀಡಿಯವನ್ನು ಇವತ್ತು ಯಾರೂ ನಂಬುತ್ತಿರಲಿಲ್ಲ.

ಕಷ್ಟ ಬಂದದ್ದು ಸಾಧನದ ವಿನ್ಯಾಸದಲ್ಲಿ. ಒಂದು ಗುಂಡಿ ಒತ್ತಿದರೆ ಬರಹವೂ ಹೋಗುತ್ತದೆ, ಬರೆದವರಿಗೆ ಒಂದು ಸಿದ್ಧ ಎಚ್ಚರಿಕೆಯೂ ಹೋಗುತ್ತದೆ. ಈ ಎಚ್ಚರಿಕೆಗಳಿಗೆ ಒಂದರಿಂದ ನಾಲ್ಕರವರೆಗೆ ಮಟ್ಟಗಳಿವೆ. ನಾಲ್ಕನೆಯದು ಬಂದ ಮೇಲೂ ಮುಂದುವರಿಸಿದರೆ ಖಾತೆಗೆ ತಡೆ ಬೀಳಬಹುದು. ಬೈಗುಳ ಬರೆದು ಹೋದವರಿಗೂ ಎಚ್ಚರಿಕೆಯ ಪೆಟ್ಟಿಗೆ. ಹಕ್ಕಿಯ ಬಗ್ಗೆ ಆರು ವಾಕ್ಯ ಬರೆದವರಿಗೂ ಹೆಚ್ಚುಕಡಿಮೆ ಅದೇ ಪೆಟ್ಟಿಗೆ. ನಿಮಿಷಕ್ಕೆ ಹತ್ತಾರು ಬದಲಾವಣೆ ನೋಡುವವರಿಗೆ ಇಬ್ಬರೂ ಒಂದೇ ಪಟ್ಟಿಯ ಎರಡು ಸಾಲುಗಳು.

ಇದಕ್ಕೆ ಉತ್ತರವಾಗಿ 2015ರಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ‘ಓರೆಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ ತಂದಿತು. ಅದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಅಂಶ ಇದೆ. ಅದು ಪ್ರತಿ ಬದಲಾವಣೆಗೆ ಎರಡು ಬೇರೆ ಬೇರೆ ಅಂದಾಜು ಕೊಡುತ್ತಿತ್ತು. ಈ ಬದಲಾವಣೆಯಿಂದ ಲೇಖನಕ್ಕೆ ಹಾನಿಯಾಗಿದೆಯಾ? ಇದನ್ನು ಮಾಡಿದವರ ಉದ್ದೇಶ ಒಳ್ಳೆಯದಿತ್ತಾ? ಎರಡೂ ಬೇರೆ ಪ್ರಶ್ನೆಗಳು. ಲೇಖನಕ್ಕೆ ಹಾನಿ ಆಗಿರಬಹುದು, ಉದ್ದೇಶ ಚಿನ್ನದಂಥದ್ದಿರಬಹುದು. ಮರಕುಟಿಕದ ಆರು ವಾಕ್ಯ ಹೀಗೆ ಇಬ್ಬಗೆಯದ್ದು. ಅಳಿಸಬೇಕಾದ ಬರಹ, ಉಳಿಸಿಕೊಳ್ಳಬೇಕಾದ ಮನುಷ್ಯ.

ಬರಹದ ಮೇಲೆ ಬೆರಳಿಡಿ

ಫೀಡ್‌ಬ್ಯಾಕ್ ಕೊಟ್ಟರೆ ಕೆಲಸ ಸುಧಾರಿಸುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಈ ನಂಬಿಕೆಯನ್ನೇ ಲೆಕ್ಕ ಹಾಕಿ ನೋಡಿದರು. ಹಿಂದಿನ ಹಲವು ದಶಕಗಳ ಪ್ರಯೋಗಗಳಿಂದ 607 ಫಲಿತಾಂಶಗಳನ್ನು ಒಟ್ಟು ಮಾಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಲಾಭವೇ ಇತ್ತು. ಆದರೆ ಮೂರರಲ್ಲಿ ಒಂದಕ್ಕೂ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಪಡೆದವರ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನವು ಕೈಯಲ್ಲಿರುವ ಕೆಲಸದ ಕಡೆಯಿಂದ ‘ನಾನು ಎಂಥವನು’ ಅನ್ನೋ ಕಡೆ ತಿರುಗಿದಷ್ಟೂ ಫೀಡ್‌ಬ್ಯಾಕ್‌ನ ಲಾಭ ಇಳಿಯುತ್ತದೆ ಎಂದು ಅವರು ವಿವರಿಸಿದರು. ಹೊಗಳಿಕೆಗೂ ಈ ಮಾತು ಅನ್ವಯಿಸುತ್ತದೆ.

ವಿಕಿಪೀಡಿಯದ ಹಳಬರು ಅನುಭವದಿಂದ ಇದೇ ಜಾಗಕ್ಕೆ ಬಂದಿದ್ದರು. ‘ಬರಹದ ಬಗ್ಗೆ ಮಾತಾಡಿ, ಬರೆದವರ ಬಗ್ಗೆ ಬೇಡ’ ಅನ್ನೋದು ಅಲ್ಲಿನ ಹಳೆಯ ನಿಯಮ. ‘ಎದುರಿನವರ ಉದ್ದೇಶ ಒಳ್ಳೆಯದೇ ಎಂದು ಮೊದಲು ನಂಬಿ’ ಅನ್ನೋದು ಇನ್ನೊಂದು. ‘ಹೊಸಬರನ್ನು ಕಚ್ಚಬೇಡಿ’ ಅನ್ನೋದು ಮತ್ತೊಂದು. ನಿಯಮಕ್ಕೇನೂ ಕೊರತೆಯಿಲ್ಲ. ಕೊರತೆ ಇರೋದು ರಾತ್ರಿ ಹನ್ನೊಂದು ಗಂಟೆಗೆ, ನೂರನೇ ಬದಲಾವಣೆ ನೋಡುವಾಗಿನ ತಾಳ್ಮೆಗೆ.

ಹತ್ತಿರದಿಂದ ನೋಡೋಣ. ‘ನೀವು ನಿಯಮ ಓದದೆ ಬರೆಯುತ್ತಿದ್ದೀರಿ’ ಎಂಬ ವಾಕ್ಯದಲ್ಲಿ ಕರ್ತೃ ‘ನೀವು’. ಓದುವವರ ಮನಸ್ಸು ಕೂಡಲೇ ತನ್ನನ್ನು ಸಮರ್ಥಿಸಿಕೊಳ್ಳಲು ಹೊರಡುತ್ತದೆ. ‘ಮೂರನೇ ಪ್ಯಾರಾದ ಎರಡನೇ ವಾಕ್ಯಕ್ಕೆ ಉಲ್ಲೇಖ ಬೇಕು’ ಎಂಬ ವಾಕ್ಯದಲ್ಲಿ ಕರ್ತೃವಿನ ಜಾಗದಲ್ಲಿ ಒಂದು ಕೊರತೆ ಇದೆ. ಓದುವವರ ಮನಸ್ಸು ಉಲ್ಲೇಖ ಹುಡುಕಲು ಹೊರಡುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಮೆತ್ತಗೇನೂ ಇಲ್ಲ. ನಿಜ ಹೇಳಬೇಕೆಂದರೆ ಅದು ಹೆಚ್ಚು ಕಟ್ಟುನಿಟ್ಟು. ತಪ್ಪು ಯಾವ ಸಾಲಿನಲ್ಲಿದೆ ಎಂದು ತೋರಿಸುತ್ತದೆ. ಮೊದಲನೆಯದು ಸುಮ್ನೆ ಗದರುತ್ತದೆ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಮಾಡಿದವರನ್ನು ಹೆಸರಿಸದೆಯೇ ವಾಕ್ಯ ಸಹಜವಾಗಿ ನಿಲ್ಲುತ್ತದೆ. ‘ಇಲ್ಲಿ ಇಸವಿ ತಪ್ಪಾಗಿದೆ’ ಅಂದರೆ ಸಾಕು, ತಪ್ಪು ಮಾಡಿದವರು ಯಾರು ಎಂದು ಹೇಳುವ ಗೋಜೇ ಇಲ್ಲ. ‘ತಪ್ಪು ಮಾಡಿದ್ದೀರಿ’ ಮತ್ತು ‘ತಪ್ಪಾಗಿದೆ’ ನಡುವಿನ ದೂರ ನಮಗೆ ಹುಟ್ಟಿನಿಂದ ಗೊತ್ತು. ಪರದೆಯ ಮುಂದೆ ಕೂತಾಗ ಮಾತ್ರ ಅದನ್ನು ಮರೆಯುತ್ತೇವೆ.

ಮರಕುಟಿಕದ ಪುಟದಲ್ಲಿ ಆ ಎಚ್ಚರಿಕೆಯ ಬದಲು ಹೀಗೆ ಬರೆದಿದ್ದರೆ?

‘ನಮಸ್ಕಾರ. ಗೂಡಿನ ಬಗ್ಗೆ ನೀವು ಸೇರಿಸಿದ ಭಾಗ ನೋಡಿದೆ. ಆ ಲೇಖನದಲ್ಲಿ ಅದು ನಿಜಕ್ಕೂ ಕೊರತೆಯಾಗಿತ್ತು. ಸದ್ಯಕ್ಕೆ ತೆಗೆದಿದ್ದೇನೆ, ಯಾಕೆಂದರೆ ಇಲ್ಲಿ ಪ್ರತಿ ಮಾಹಿತಿಗೂ ಪ್ರಕಟವಾದ ಆಧಾರ ಬೇಕು, ಕಣ್ಣಾರೆ ನೋಡಿದ್ದು ಸಾಲದು. ಗಂಡು ಹಕ್ಕಿ ರಾತ್ರಿ ಕಾವಿಗೆ ಕೂರುವ ವಿಷಯ ಪಕ್ಷಿಗಳ ಬಗೆಗಿನ ಕೈಪಿಡಿಗಳಲ್ಲಿ ಸಿಗುತ್ತದೆ. ಪುಸ್ತಕದ ಹೆಸರು, ಪುಟಸಂಖ್ಯೆ ಸೇರಿಸಿದರೆ ಆ ವಾಕ್ಯವನ್ನು ಹಾಗೇ ವಾಪಸ್ ಹಾಕಬಹುದು. ನೀವು ಬರೆದದ್ದು ಕಳೆದುಹೋಗಿಲ್ಲ, ಇತಿಹಾಸ ಪುಟದಲ್ಲಿದೆ. ಗೂಡಿನ ಫೋಟೋ ನೀವೇ ತೆಗೆದದ್ದು ಇದ್ದರೆ ವಿಕಿಯ ಚಿತ್ರಸಂಗ್ರಹವಾದ ಕಾಮನ್ಸ್‌ಗೆ ಹಾಕಿ, ಲೇಖನಕ್ಕೆ ತುಂಬಾ ಉಪಯೋಗ. ಏನಾದರೂ ತೊಡಕಾದರೆ ನನ್ನ ಚರ್ಚೆ ಪುಟದಲ್ಲಿ ಕೇಳಿ.’

ಇದರಲ್ಲಿ ಏನೇನಿದೆ ನೋಡಿ. ಏನು ಮಾಡಿದೆ, ಯಾಕೆ ಮಾಡಿದೆ, ಮುಂದೆ ಏನು ಮಾಡಬಹುದು. ಬರೆದದ್ದು ಸುರಕ್ಷಿತವಾಗಿದೆ ಎಂಬ ಭರವಸೆ. ಇದನ್ನು ತುಂಬಾ ಜನ ಹೇಳುವುದೇ ಇಲ್ಲ. ಹಳೆಯ ಆವೃತ್ತಿಗಳೆಲ್ಲ ಉಳಿದಿರುತ್ತವೆ ಅನ್ನೋದು ಹಳಬರಿಗೆ ನೀರು ಕುಡಿದಷ್ಟು ಸಹಜ, ಹೊಸಬರಿಗೆ ಗೊತ್ತೇ ಇರುವುದಿಲ್ಲ. ಮೂರು ವರ್ಷ ಹಕ್ಕಿ ನೋಡಿದವರ ಹತ್ತಿರ ಫೋಟೋ ಇರುತ್ತದೆ ಎಂದು ಊಹಿಸುವುದಕ್ಕೆ ಒಂದು ಕ್ಷಣ ಸಾಕು. ಆ ಒಂದು ಕ್ಷಣ ಅವರನ್ನು ಮನುಷ್ಯರಾಗಿ ಕಂಡಂತಾಯಿತು. ಸ್ವಂತ ಅನುಭವಕ್ಕೆ ಲೇಖನದ ಪಠ್ಯದಲ್ಲಿ ಜಾಗ ಇಲ್ಲ, ಚಿತ್ರದಲ್ಲಿ ಇದೆ. ದಾರಿ ಮುಚ್ಚಿದ ಕಡೆ ಪಕ್ಕದ ದಾರಿ ತೋರಿಸಿದ ಹಾಗೆ.

ಎಲ್ಲರಿಗೂ ಹೀಗೆ ಬರೆಯಲು ಆಗುವುದಿಲ್ಲ, ನಿಜ. ಬೈಗುಳ ಬರೆದವರಿಗೆ ಬೇಕಾಗಿಯೂ ಇಲ್ಲ. ಆದರೆ ದಿನಕ್ಕೆ ಐವತ್ತು ಅಳಿಸುವವರು ಅದರಲ್ಲಿ ಇಬ್ಬರಿಗೆ ಹೀಗೆ ಬರೆದರೂ ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಜನಕ್ಕೆ ಬರೆದಂತಾಯಿತು.

ಆಧಾರ ಸಾಲದು ಅಂದಾಗ

2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಎಂಬ ಭೌತವಿಜ್ಞಾನಿಯ ಬಗ್ಗೆ ಬರೆದ ಕರಡೊಂದು ತಿರಸ್ಕಾರವಾಯಿತು. ಕೊಟ್ಟ ಆಧಾರಗಳಿಂದ ಈ ವ್ಯಕ್ತಿ ಲೇಖನಕ್ಕೆ ಅರ್ಹರೆಂದು ಗೊತ್ತಾಗುವುದಿಲ್ಲ ಎಂಬ ಅರ್ಥದ ಸಿದ್ಧ ಸಂದೇಶ ಹೋಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಆ ಹೊತ್ತಿನಲ್ಲಿ ಅವರ ಬಗ್ಗೆ ಲೇಖನವೇ ಇರಲಿಲ್ಲ. ಜಗತ್ತಿನೆಲ್ಲೆಡೆ ಸುದ್ದಿಯಾಯಿತು.

ತುಂಬಾ ಜನ ಆ ಪರಿಶೀಲಕರ ಮೇಲೆ ಮುಗಿಬಿದ್ದರು. ನನಗೆ ಅದು ಅನ್ಯಾಯ ಅನಿಸುತ್ತದೆ. ಅವರೂ ಸ್ವಯಂಸೇವಕರೇ, ಮುಂದೆ ಕರಡುಗಳ ರಾಶಿ ಇತ್ತು. ಕೊಟ್ಟ ಆಧಾರ ಸಾಲದು ಅನ್ನೋದು ತಪ್ಪು ತೀರ್ಪೂ ಆಗಿರಲಿಲ್ಲ. ಆದರೆ ಸ್ಟ್ರಿಕ್‌ಲ್ಯಾಂಡ್ ಆಪ್ಟಿಕಲ್ ಸೊಸೈಟಿ ಎಂಬ ವೃತ್ತಿಪರ ಸಂಸ್ಥೆಯ ಅಧ್ಯಕ್ಷರಾಗಿದ್ದವರು. ವಿದ್ವಾಂಸರ ಅರ್ಹತೆ ಅಳೆಯಲು ವಿಕಿಪೀಡಿಯದಲ್ಲಿ ಬೇರೆಯೇ ಮಾನದಂಡ ಇದೆ, ಅಂಥ ಹುದ್ದೆ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ‘ಅಧ್ಯಕ್ಷತೆಯ ವಿಷಯವನ್ನು ಮೊದಲ ಪ್ಯಾರಾಗೆ ತನ್ನಿ, ಸಂಸ್ಥೆಯ ಹೊರಗಿನ ಒಂದೆರಡು ಆಧಾರ ಹುಡುಕಿ’ ಎಂದು ಒಂದು ಸಾಲು ಹೋಗಿದ್ದರೆ ಆ ಕರಡು ಬದುಕುತ್ತಿತ್ತೇನೋ. ‘ಆಗಲ್ಲ’ ಅನ್ನೋದಕ್ಕೂ ‘ಇಷ್ಟು ಮಾಡಿದರೆ ಆಗುತ್ತದೆ’ ಅನ್ನೋದಕ್ಕೂ ಇರುವ ದೂರ ಅಷ್ಟೇ.

ಬೆನ್ನು ತಟ್ಟುವುದರಲ್ಲೂ ಲೆಕ್ಕ ಇದೆ

ವಿಕಿಪೀಡಿಯದಲ್ಲಿ ಒಳ್ಳೆಯ ಕೆಲಸ ಮಾಡಿದವರಿಗೆ ಇನ್ನೊಬ್ಬ ಸಂಪಾದಕರು ‘ಬಾರ್ನ್‌ಸ್ಟಾರ್’ ಎಂಬ ನಕ್ಷತ್ರದ ಚಿತ್ರ ಕೊಡುವ ರೂಢಿ 2003ರಿಂದ ಇದೆ. 2013ರಲ್ಲಿ ಒಂದೊಂದು ಬದಲಾವಣೆಯ ಪಕ್ಕದಲ್ಲೂ ‘ಧನ್ಯವಾದ’ ಎಂಬ ಗುಂಡಿ ಬಂತು. ಇವುಗಳಿಂದ ಏನಾದರೂ ಉಪಯೋಗ ಇದೆಯಾ?

ಇದೆ. 2012ರಲ್ಲಿ ಮೈಕೆಲ್ ರೆಸ್ಟಿವೊ ಮತ್ತು ಅರ್ನೌಟ್ ವಾನ್ ಡೆ ರೈಟ್ ಒಂದು ಪ್ರಯೋಗ ಪ್ರಕಟಿಸಿದರು. ಅತಿ ಹೆಚ್ಚು ಕೆಲಸ ಮಾಡುವ ಶೇ 1ರಷ್ಟು ಸಂಪಾದಕರಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ ಬಾರ್ನ್‌ಸ್ಟಾರ್ ಕೊಟ್ಟರು. ಮುಂದಿನ ಮೂರು ತಿಂಗಳು ಅವರ ಕೆಲಸ, ನಕ್ಷತ್ರ ಸಿಗದವರಿಗಿಂತ ಸುಮಾರು ಶೇ 60 ಹೆಚ್ಚಿತ್ತು. ಆದರೆ ಅದೇ ಇಬ್ಬರು 2014ರಲ್ಲಿ ಇನ್ನೊಂದು ಫಲಿತಾಂಶ ಕೊಟ್ಟರು. ಸ್ವಲ್ಪ ಕಡಿಮೆ ಕೆಲಸ ಮಾಡುವವರಿಗೆ ಅದೇ ನಕ್ಷತ್ರ ಕೊಟ್ಟಾಗ ಅಂಥ ಪರಿಣಾಮ ಕಾಣಲಿಲ್ಲ. ನನ್ನ ಓದು ಹೀಗಿದೆ: ಬೆವರು ಸುರಿಸಿದವರಿಗೆ ಸಿಕ್ಕ ಮೆಚ್ಚುಗೆ ‘ಯಾರೋ ನೋಡುತ್ತಿದ್ದಾರೆ’ ಎಂದು ಹೇಳುತ್ತದೆ. ಹೆಚ್ಚೇನೂ ಮಾಡದವರಿಗೆ ಸಿಕ್ಕ ಮೆಚ್ಚುಗೆಗೆ ಅರ್ಥವೇ ಹತ್ತುವುದಿಲ್ಲ.

ಹಾಗಂತ ಹೊಸಬರಿಗೆ ಮೆಚ್ಚುಗೆ ಬೇಡವೇ? ಯಾನಾ ಗಾಲುಸ್ ಎಂಬ ಸಂಶೋಧಕಿ ಜರ್ಮನ್ ವಿಕಿಪೀಡಿಯದಲ್ಲಿ ಸುಮಾರು 4,000 ಹೊಸ ಸಂಪಾದಕರ ನಡುವೆ ಪ್ರಯೋಗ ಮಾಡಿದರು. ಫಲಿತಾಂಶ 2017ರಲ್ಲಿ ಬಂತು. ಒಂದಿಷ್ಟು ಜನರಿಗೆ ದುಡ್ಡಿನ ಬೆಲೆಯೇ ಇಲ್ಲದ ಒಂದು ಪ್ರಶಸ್ತಿ ಕೊಟ್ಟಾಗ, ಮುಂದಿನ ತಿಂಗಳೂ ಬರೆಯುತ್ತಾ ಉಳಿದವರ ಪ್ರಮಾಣ ಶೇ 20ರಷ್ಟು ಏರಿತು. ಪರಿಣಾಮ ಒಂದು ವರ್ಷದವರೆಗೂ ಕಾಣುತ್ತಿತ್ತು. ಆ ಪ್ರಶಸ್ತಿ ಸಹ-ಸಂಪಾದಕರ ಕಡೆಯಿಂದ, ಎಲ್ಲರಿಗೂ ಕಾಣುವ ಹಾಗೆ ಬಂದದ್ದು ಅನ್ನೋದನ್ನು ಮರೆಯಬಾರದು. ‘ನೀನೂ ನಮ್ಮವನು’ ಎಂದು ಕರೆದ ಹಾಗೆ.

ಹೊಗಳಿಕೆಯನ್ನು ಟೀಕೆಯ ಮುಂದೆ ಹಿಂದೆ ಸವರಿ ಕೊಡುವ ಪದ್ಧತಿಯೂ ಇದೆ. ಅದರ ಮೇಲೆ ನನಗೆ ನಂಬಿಕೆ ಕಡಿಮೆ. ಮೂಗಿಗೆ ತುಪ್ಪ ಸವರಿದ್ದು ಎದುರಿನವರಿಗೆ ಬೇಗ ಗೊತ್ತಾಗುತ್ತದೆ, ಆಮೇಲೆ ನಿಜವಾದ ಮೆಚ್ಚುಗೆಯನ್ನೂ ಅವರು ನಂಬುವುದಿಲ್ಲ. ಮೆಚ್ಚಿದ್ದು ಏನೆಂದು ಬೆರಳಿಟ್ಟು ತೋರಿಸಿ. ‘ಚೆನ್ನಾಗಿದೆ’ ಬೇಡ. ‘ಎರಡು ಮೂಲಗಳು ಬೇರೆ ಬೇರೆ ಇಸವಿ ಹೇಳುತ್ತಿದ್ದಾಗ ಎರಡನ್ನೂ ಕೊಟ್ಟಿದ್ದೀರಿ, ಅದು ಸರಿಯಾದ ದಾರಿ’ ಅನ್ನಿ. ಮುಂದಿನ ಲೇಖನದಲ್ಲೂ ಅವರು ಅದನ್ನೇ ಮಾಡುತ್ತಾರೆ.

ಓದುಗರು ಹೇಳುವ ತಪ್ಪು

ಇಲ್ಲಿಯವರೆಗೆ ಸಂಪಾದಕರು ಸಂಪಾದಕರಿಗೆ ಹೇಳುವುದನ್ನು ನೋಡಿದೆವು. ಸುಮ್ನೆ ಓದಿ ಹೋಗುವ ಕೋಟ್ಯಂತರ ಜನರೂ ಹೇಳಬಹುದಲ್ಲ? 2010ರಲ್ಲಿ ಇದಕ್ಕೆ ದೊಡ್ಡ ಪ್ರಯತ್ನ ಶುರುವಾಯಿತು. ಲೇಖನದ ಕೆಳಗೆ ಒಂದು ಪೆಟ್ಟಿಗೆ. ನಂಬಬಹುದೇ, ಪಕ್ಷಪಾತವಿಲ್ಲವೇ, ಪೂರ್ಣವಾಗಿದೆಯೇ, ಬರವಣಿಗೆ ಚೆನ್ನಾಗಿದೆಯೇ ಎಂಬ ನಾಲ್ಕಕ್ಕೆ ಐದರವರೆಗೆ ನಕ್ಷತ್ರ ಕೊಡಬಹುದಿತ್ತು. ಕೊಟ್ಟ ನಕ್ಷತ್ರಗಳಿಂದ ಸಂಪಾದಕರಿಗೆ ಏನೂ ಹೊಳೆಯಲಿಲ್ಲ. ಐದಕ್ಕೆ ಎರಡು ಸಿಕ್ಕಿದೆ, ಸರಿ, ಯಾವ ಸಾಲು ತಿದ್ದಬೇಕು? ಆಮೇಲೆ ನಕ್ಷತ್ರ ತೆಗೆದು, ನಾಲ್ಕು ಮಾತು ಬರೆಯಲು ಜಾಗ ಕೊಟ್ಟರು. ಬಂದದ್ದರಲ್ಲಿ ಬಹುಪಾಲು ‘ಸೂಪರ್’, ‘ಬೋರ್’, ಇಲ್ಲವೇ ಸಂಬಂಧವೇ ಇಲ್ಲದ ಮಾತು. ಇದರ ರಾಶಿಯಿಂದ ಕಾಳು ಆರಿಸುವ ಕೆಲಸವೂ ಅದೇ ಸ್ವಯಂಸೇವಕರ ತಲೆಗೆ ಬಿತ್ತು. ಇಂಗ್ಲಿಷ್, ಜರ್ಮನ್ ಸಮುದಾಯಗಳು ಬೇಡ ಅಂದವು. 2014ರಲ್ಲಿ ಅದು ನಿಂತುಹೋಯಿತು.

ಇದರ ಪಕ್ಕದಲ್ಲಿ 2005ರ ಡಿಸೆಂಬರ್‌ನ ಒಂದು ಘಟನೆ ಇಟ್ಟು ನೋಡಿ. ‘ನೇಚರ್’ ವಿಜ್ಞಾನ ಪತ್ರಿಕೆ 42 ವಿಷಯಗಳ ಮೇಲೆ ವಿಕಿಪೀಡಿಯ ಮತ್ತು ಬ್ರಿಟಾನಿಕಾ ವಿಶ್ವಕೋಶಗಳ ಲೇಖನಗಳನ್ನು ತಜ್ಞರಿಗೆ ಕೊಟ್ಟಿತು. ಯಾವುದು ಎಲ್ಲಿಯದು ಎಂದು ಹೇಳಿರಲಿಲ್ಲ. ವಿಕಿಪೀಡಿಯದಲ್ಲಿ 162 ತಪ್ಪು, ಬ್ರಿಟಾನಿಕಾದಲ್ಲಿ 123 ತಪ್ಪು ಕಂಡವು. ಯಾವ ಲೇಖನದಲ್ಲಿ ಏನು ತಪ್ಪು ಎಂಬ ಪಟ್ಟಿಯನ್ನೂ ಪತ್ರಿಕೆ ಹೊರಗೆ ಬಿಟ್ಟಿತು. ಬ್ರಿಟಾನಿಕಾ ಸಂಸ್ಥೆ ಆ ಅಧ್ಯಯನವೇ ದೋಷಪೂರ್ಣ ಎಂದು 2006ರ ಮಾರ್ಚ್‌ನಲ್ಲಿ ಉದ್ದದ ಪ್ರತಿವಾದ ಪ್ರಕಟಿಸಿತು. ವಿಕಿಪೀಡಿಯದ ಸ್ವಯಂಸೇವಕರು ಪಟ್ಟಿಯನ್ನು ಒಂದು ಪುಟಕ್ಕೆ ಹಾಕಿಕೊಂಡು, ಒಂದೊಂದೇ ತಪ್ಪನ್ನು ನೋಡಿ, ತಿದ್ದಿ, ಗುರುತು ಹಾಕುತ್ತಾ ಹೋದರು. ಕೆಲವೇ ವಾರಗಳಲ್ಲಿ ಮುಗಿಸಿದರು.

ಅದೇ ಸ್ವಯಂಸೇವಕರು ನಕ್ಷತ್ರದ ಪೆಟ್ಟಿಗೆಗೆ ಬೇಸತ್ತರು, ತಪ್ಪುಗಳ ಪಟ್ಟಿಗೆ ತೋಳೇರಿಸಿ ನಿಂತರು. 162 ತಪ್ಪು ಅನ್ನೋದು ಕಹಿ ಮಾತು. ಆದರೂ ಯಾರೂ ಮುನಿಸಿಕೊಂಡು ಹೋಗಲಿಲ್ಲ. ಯಾಕೆಂದರೆ ಅದು ತಿದ್ದಬಹುದಾದ ಮಾತಾಗಿತ್ತು. ಫೀಡ್‌ಬ್ಯಾಕ್ ಸಿಹಿಯೋ ಕಹಿಯೋ ಅನ್ನೋದಕ್ಕಿಂತ, ಅದನ್ನು ಹಿಡಿದುಕೊಂಡು ಕೂಡಲೇ ಏನಾದರೂ ಮಾಡಬಹುದಾ ಅನ್ನೋದೇ ಇಲ್ಲಿ ಜಾಸ್ತಿ ಮುಖ್ಯ.

ಹಾಗಾಗಿ ನೀವು ಬರೀ ಓದುಗರಾಗಿದ್ದರೂ, ತಪ್ಪು ಕಂಡಾಗ ಲೇಖನದ ಚರ್ಚೆ ಪುಟಕ್ಕೆ ಹೋಗಿ ಮೂರು ವಿಷಯ ಬರೆಯಿರಿ: ತಪ್ಪಿರುವ ವಾಕ್ಯ, ಅದು ಹೇಗಿರಬೇಕು, ಅದಕ್ಕೆ ಆಧಾರ ಎಲ್ಲಿದೆ. ಆಧಾರವನ್ನು ಬಿಡಬೇಡಿ. 2012ರಲ್ಲಿ ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ತಮ್ಮದೇ ಕಾದಂಬರಿಯ ಪಾತ್ರಕ್ಕೆ ಯಾರು ಪ್ರೇರಣೆ ಎಂಬ ವಿಷಯದಲ್ಲಿ ವಿಕಿಪೀಡಿಯ ತಪ್ಪಾಗಿದೆ ಅಂದರು. ಬರೆದವರೇ ಹೇಳಿದರೂ ಬೇರೆ ಪ್ರಕಟಿತ ಆಧಾರ ಬೇಕು ಎಂಬ ಉತ್ತರ ಬಂತು. ಅವರು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಹಿರಂಗ ಪತ್ರವನ್ನೇ ಬರೆದರು. ಆ ಉತ್ತರದ ಹಿಂದಿನ ತರ್ಕ ಸರಿಯಾದದ್ದೇ: ಫೋನಿನಲ್ಲೋ ಇಮೇಲಿನಲ್ಲೋ ‘ನಾನೇ ಲೇಖಕ’ ಅಂದವರನ್ನೆಲ್ಲ ನಂಬಲು ಆಗುವುದಿಲ್ಲ, ಓದುಗರು ತಾವೇ ಪರೀಕ್ಷಿಸಲು ಒಂದು ದಾಖಲೆ ಬೇಕು. ಇಷ್ಟನ್ನು ಬಿಡಿಸಿ, ಗೌರವದಿಂದ ಹೇಳಿದ್ದರೆ ಕಹಿ ಅಷ್ಟು ದೂರ ಹೋಗುತ್ತಿರಲಿಲ್ಲ ಅನಿಸುತ್ತದೆ. ಸರಿಯಾದ ನಿಯಮವನ್ನೂ ಬಾಗಿಲು ಮುಖಕ್ಕೆ ಹಾಕಿದ ಹಾಗೆ ಹೇಳಬಹುದು.

ಹಳಬರ ಮಾತು

ಹೊಸಬರ ಬಗ್ಗೆ ಇಷ್ಟು ಹೇಳಿ ಹಳಬರನ್ನು ಬಿಟ್ಟರೆ ತಪ್ಪಾಗುತ್ತದೆ. ಹತ್ತು ವರ್ಷದಿಂದ ಬರೆಯುತ್ತಿರುವವರಿಗೆ ಯಾರೂ ಏನೂ ಹೇಳುವುದಿಲ್ಲ. ಚೆನ್ನಾಗಿ ಬರೆದರೆ ಅದು ಅವರ ಅಭ್ಯಾಸ ಅಂದುಕೊಳ್ಳುತ್ತಾರೆ, ತಪ್ಪು ಮಾಡಿದರೆ ಹೇಳಲು ಹೆದರುತ್ತಾರೆ. ಒಂದು ದಿನ ಹತ್ತು ಜನ ಒಟ್ಟಿಗೆ ನಿರ್ವಾಹಕರ ಹತ್ತಿರ ದೂರು ತರುತ್ತಾರೆ. ಅಲ್ಲಿ ಎಲ್ಲ ಮಾತೂ ಬಹಿರಂಗ, ಎಲ್ಲವೂ ದಾಖಲೆ. ಹತ್ತು ವರ್ಷದ ಮೇಲೂ ಯಾರು ಬೇಕಾದರೂ ಓದಬಹುದು. ಮೊದಲ ಸಲ ಒರಟಾಗಿ ಬರೆದಾಗಲೇ ಒಬ್ಬ ಗೆಳೆಯರು ಅವರ ಚರ್ಚೆ ಪುಟಕ್ಕೆ ಹೋಗಿ, ಆ ಒಂದು ಬದಲಾವಣೆಯ ಕೊಂಡಿ ಕೊಟ್ಟು, ‘ಇದು ಸ್ವಲ್ಪ ಖಾರವಾಯಿತು, ಅವರು ಹೊಸಬರು’ ಎಂದಿದ್ದರೆ ಸಾಕಾಗುತ್ತಿತ್ತು.

ಸಣ್ಣ ಭಾಷೆಗಳ ವಿಕಿಪೀಡಿಯಗಳಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ನಿಯಮಿತವಾಗಿ ಬರೆಯುವವರನ್ನು ಕೈಬೆರಳಲ್ಲಿ ಎಣಿಸಬಹುದು. ಎಲ್ಲರಿಗೂ ಎಲ್ಲರ ಪರಿಚಯ. ಇಬ್ಬರ ನಡುವೆ ಮಾತು ಕೆಟ್ಟರೆ ಒಂದು ಇಡೀ ವಿಷಯದ ಲೇಖನಗಳು ನಿಂತುಹೋಗಬಹುದು.

ಈಗ ಹೊಸದಾಗಿ ಬಂದದ್ದು

ಎಐ ಬಂದ ಮೇಲೆ ಸಮೀಕರಣ ಮತ್ತೆ ಬದಲಾಗಿದೆ. ಬರೆಯಲು ಎರಡು ಗಂಟೆ, ಅಳಿಸಲು ಎರಡು ಸೆಕೆಂಡು ಅಂದೆನಲ್ಲ? ಯಂತ್ರದಿಂದ ಬರೆಸಿದ ಕರಡಿನಲ್ಲಿ ಇದು ತಲೆಕೆಳಗು. ಬರೆಸಲು ಒಂದು ನಿಮಿಷ, ಪರೀಕ್ಷಿಸಲು ಅರ್ಧ ದಿನ. ಉಲ್ಲೇಖಗಳು ಅಚ್ಚುಕಟ್ಟಾಗಿ ಕಾಣುತ್ತವೆ, ತೆರೆದು ನೋಡಿದರೆ ಅಂಥ ಪುಸ್ತಕವೇ ಇರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯ, ಮನುಷ್ಯರು ಪರಿಶೀಲಿಸದೆ ಹಾಕಿದ ಇಂಥ ಪುಟಗಳನ್ನು ಚರ್ಚೆಯಿಲ್ಲದೆ ಬೇಗ ಅಳಿಸಲು ಅವಕಾಶ ಕೊಡುವ ನಿಯಮ ತಂದಿತು. ಬೇಕಾದ ನಿಯಮವೇ. ಸ್ವಯಂಸೇವಕರ ಸಮಯಕ್ಕೂ ಬೆಲೆ ಇದೆ.

ನನ್ನ ಭಯ ಬೇರೆ. ಸ್ವಲ್ಪ ಅಚ್ಚುಕಟ್ಟಾಗಿ ಬರೆದ ಹೊಸಬರಿಗೆಲ್ಲ ‘ಇದು ಎಐ ಬರೆದದ್ದು’ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭವಾಗುತ್ತಿದೆ. ತಾನೇ ಕೂತು ಬರೆದವರಿಗೆ ಇದಕ್ಕಿಂತ ನೋವಿನ ಮಾತಿಲ್ಲ. ಅಲ್ಲದೆ ಅದು ಬರಹದ ಬಗ್ಗೆ ಏನನ್ನೂ ಹೇಳುವುದಿಲ್ಲ, ಬರೆದವರ ಪ್ರಾಮಾಣಿಕತೆಯ ಮೇಲಿನ ತೀರ್ಪು ಅದು. ‘ನಾಲ್ಕನೇ ಉಲ್ಲೇಖದ ಪುಸ್ತಕ ನನಗೆ ಎಲ್ಲೂ ಸಿಗಲಿಲ್ಲ, ನಿಮ್ಮ ಹತ್ತಿರ ಇದ್ದರೆ ಆ ಪುಟದ ಸಾಲು ಹೇಳುತ್ತೀರಾ?’ ಎಂದು ಕೇಳಿ ನೋಡಿ. ಪುಸ್ತಕ ಓದಿ ಬರೆದವರು ಸಾಲು ಹೇಳುತ್ತಾರೆ. ಯಂತ್ರದಿಂದ ಬರೆಸಿದವರಿಗೆ ಉತ್ತರ ಇರುವುದಿಲ್ಲ. ಯಾರ ಮೇಲೂ ಆರೋಪ ಹೊರಿಸದೆ ಸತ್ಯ ಹೊರಗೆ ಬರುತ್ತದೆ.

ಎಚ್ಚರಿಕೆಯ ಸಂದೇಶಗಳನ್ನೂ ಎಐನಿಂದ ಬರೆಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ವಿನಯದ ಮಾತು ಉದ್ದುದ್ದ ಬರುತ್ತದೆ, ನಿಜ. ಆದರೆ ಹೊಸಬರಿಗೆ ಬೇಕಾದದ್ದು ಇನ್ನೊಬ್ಬ ಮನುಷ್ಯ ತನ್ನ ಆರು ವಾಕ್ಯವನ್ನು ಓದಿದ್ದಾನೆ ಎಂಬ ಗುರುತು. ಅದು ಎರಡೇ ಸಾಲಿನಲ್ಲಿದ್ದರೂ ಪರವಾಗಿಲ್ಲ, ಓದಿದವರೇ ಬರೆದದ್ದಾಗಿರಬೇಕು.

2025ರ ಅಕ್ಟೋಬರ್‌ನಲ್ಲಿ ವಿಕಿಮೀಡಿಯ ಫೌಂಡೇಶನ್ ಇನ್ನೊಂದು ಸಂಗತಿ ಹೇಳಿತು. ವಿಕಿಪೀಡಿಯಕ್ಕೆ ಬರುವ ಮನುಷ್ಯ ಓದುಗರ ಭೇಟಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ 8 ಇಳಿದಿದೆ. ಜನ ಉತ್ತರವನ್ನು ಹುಡುಕಾಟದ ಪುಟದಲ್ಲೋ ಚಾಟ್‌ಬಾಟ್‌ನಲ್ಲೋ ಓದಿ ಮುಗಿಸುತ್ತಿದ್ದಾರೆ. ಆ ಉತ್ತರದ ಹಿಂದೆ ಎಷ್ಟೋ ಸಲ ವಿಕಿಪೀಡಿಯವೇ ಇರುತ್ತದೆ. ಆದರೆ ಪುಟಕ್ಕೇ ಬರದವರಿಗೆ ‘ಸಂಪಾದಿಸಿ’ ಗುಂಡಿ ಕಾಣುವುದಿಲ್ಲ. ಗೂಡಿನ ಬಗ್ಗೆ ಒಂದೇ ಸಾಲು ಇದೆ ಎಂದು ಅವರಿಗೆ ಗೊತ್ತಾಗುವುದೂ ಇಲ್ಲ. ಮೊದಲು ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಿದ್ದರು. ಈಗ ಬಾಗಿಲವರೆಗೆ ಬರುವವರೇ ಕಡಿಮೆಯಾಗುತ್ತಿದ್ದಾರೆ.

ಆ ಆರು ವಾಕ್ಯ ಬರೆದವರೇ ಮರಕುಟಿಕದ ಪುಟಕ್ಕೆ ಮೂರು ವಾರದ ನಂತರ ಮತ್ತೆ ಬರುತ್ತಾರೆ ಎಂದುಕೊಳ್ಳಿ. ಈ ಸಲ ಒಂದೇ ವಾಕ್ಯ. ಕೊನೆಯಲ್ಲಿ ಪುಸ್ತಕದ ಹೆಸರು, ಪುಟಸಂಖ್ಯೆ ಇದೆ. ಉಲ್ಲೇಖದ ಬ್ರಾಕೆಟ್ ಒಂದು ತಪ್ಪಾಗಿ, ಪುಟದಲ್ಲಿ ಕೆಂಪಕ್ಷರದ ದೋಷ ಕಾಣುತ್ತಿದೆ. ತಾವು ಗಮನವಿಟ್ಟ ಪುಟಗಳ ಪಟ್ಟಿಯಲ್ಲಿ ಅದನ್ನು ನೋಡಿದ ಒಬ್ಬ ಹಳಬರು ಬ್ರಾಕೆಟ್ ಸರಿ ಮಾಡುತ್ತಾರೆ. ಬದಲಾವಣೆಯ ಸಾರಾಂಶದ ಜಾಗದಲ್ಲಿ ಬರೆಯುತ್ತಾರೆ: ‘ಬ್ರಾಕೆಟ್ ಸರಿಪಡಿಸಿದೆ. ಒಳ್ಳೆಯ ಮೂಲ. ಉಳಿದ ಐದು ವಾಕ್ಯಗಳಿಗೂ ಇದೇ ಪುಸ್ತಕ ಆಗುತ್ತದಾ ನೋಡಿ.’